ಕೊನೆಯ ಹಾಡಿಗೆ ಬಿಳಿ ಟ್ಯಾಗ್

ಮಗಳ ಕೋಣೆಯ ಸಜ್ಜೆ ಖಾಲಿ ಮಾಡುತ್ತಿದ್ದಾಗ ಮೊದಲು ಸಿಕ್ಕಿದ್ದು ವಾಸನೆ. ಹಳೆಯ ಪಠ್ಯಪುಸ್ತಕ, ಮುಚ್ಚಳ ಹೋದ ಜಾಮಿಟ್ರಿ ಬಾಕ್ಸ್, ತೋಳು ಗಿಡ್ಡವಾದ ಸ್ವೆಟರ್‌ಗಳ ಅಡಿಯಿಂದ ಎಣ್ಣೆಯ ವಾಸನೆ ಬಂತು. ಅಡುಗೆಮನೆಯ ಎಣ್ಣೆಯದಲ್ಲ, ಯಂತ್ರಕ್ಕೆ ಹಾಕುವ ಎಣ್ಣೆಯದು. ಕೈ ತೂರಿಸಿ ಎಳೆದರೆ ಕಂದು ಬಣ್ಣದ ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಚಪ್ಪಟೆ ಪೊಟ್ಟಣ. ಕಾರ್ಖಾನೆಗಳಲ್ಲಿ ಬಿಡಿಭಾಗ ತುಕ್ಕು ಹಿಡಿಯದಿರಲಿ ಎಂದು ಸುತ್ತುತ್ತಾರಲ್ಲ, ಅದೇ ಕಾಗದ. ಪೀಣ್ಯದಲ್ಲಿ ಏಳು ವರ್ಷ, ಈಗ ಈ ಹೆಬ್ಬಗೋಡಿಯಲ್ಲಿ ಹನ್ನೆರಡು ವರ್ಷ, ಡಿಸ್ಪ್ಯಾಚ್ ಸೆಕ್ಷನ್ನಿನಲ್ಲೇ ಜೀವ ಸವೆಸಿದವಳು ನಾನು. ಆ ಕಾಗದ ನನಗೆ ಹೊಸದಲ್ಲ. ಆದರೆ ಅದು ಮಗಳ ಸಜ್ಜೆಗೆ ಹೇಗೆ ಬಂತು ಎಂದು ಬಿಚ್ಚಿದೆ.

ಒಳಗೆ ಒಂದು ಡಿವಿಡಿ. ಅದರ ಪೆಟ್ಟಿಗೆಯ ಮೇಲೆ ದೊಡ್ಡ ಮೂಗಿನ ಪುಟ್ಟ ಕಿನ್ನರಿ, ಒಂದು ರೆಕ್ಕೆ ಎತ್ತಿಕೊಂಡು ನಿಂತಿದ್ದಾಳೆ. ಪೆಟ್ಟಿಗೆಯ ಮೂಲೆಗೆ ತೂತು ಕೊರೆದು, ತೆಳು ತಂತಿಯಲ್ಲಿ ಒಂದು ಗೊಂಚಲು ಟ್ಯಾಗ್ ಕಟ್ಟಿತ್ತು. ಹಸಿರು, ಹಳದಿ, ಕೆಂಪು. ಎಲ್ಲದರ ಮೇಲೂ ಒಂದೇ ಕೈಬರಹ, ಇಂಜಿನಿಯರಿಂಗ್ ಡ್ರಾಯಿಂಗಿನ ಮೇಲೆ ಬರೆದ ಹಾಗೆ ಒತ್ತೊತ್ತಾಗಿ, ನೆಟ್ಟಗೆ. ಪೊರಕೆ ಪಕ್ಕಕ್ಕಿಟ್ಟು ನೆಲದ ಮೇಲೇ ಕೂತೆ.

ಅದು ಮಾದನಾಯಕನಹಳ್ಳಿಯ ನಮ್ಮ ಓನರ್ ಅಂಕಲ್ ಅವರ ಬರಹ.

ಆಗ ನಾವು ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಅವರು, ಆಂಟಿ ಕೆಳಗೆ. ಸರ್ಕಾರದ ದೊಡ್ಡ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಬೀದಿಯಲ್ಲಿ ಎಲ್ಲರೂ ಇನ್ಸ್‌ಪೆಕ್ಟರ್ ಎಂದೇ ಕರೆಯುತ್ತಿದ್ದರು. ಹೊಸಬರು ಪೊಲೀಸ್ ಎಂದು ತಿಳಿದು ಸುಮ್ಮನೆ ಹೆದರುತ್ತಿದ್ದರು. ನೀರಿನ ಫಿಲ್ಟರ್ ಮಾರಲು ಬಂದವನೊಬ್ಬ, ‘ಇನ್ಸ್‌ಪೆಕ್ಟರ್ ಸಾಹೇಬ್ರು ಒಳಗಿದ್ದಾರೆ’ ಎಂದು ಆಂಟಿ ಹೇಳಿದ್ದಕ್ಕೆ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೋಗಿದ್ದ.

ನಿವೃತ್ತಿಯ ದಿನ ಜೊತೆಗಾರರು ತಮಾಷೆಗೆಂದು ಒಂದು ಕಟ್ಟು ಟ್ಯಾಗ್ ಉಡುಗೊರೆ ಕೊಟ್ಟಿದ್ದರಂತೆ. ಕೊಟ್ಟವರಿಗೆ ತಮಾಷೆ, ಇವರಿಗೆ ಅದೇ ಕಸುಬು ಮುಂದುವರಿಯಿತು. ಮಿಕ್ಸಿಗೆ ಹಸಿರು ಟ್ಯಾಗ್: ಪಾಸ್. ಗೇಟಿಗೆ ಹಳದಿ: ರಿಪೇರಿ ಮಾಡಿ ಮತ್ತೆ ತೋರಿಸಿ. ಹೊಸದಾಗಿ ಹಾಕಿಸಿದ ಬಚ್ಚಲ ನಲ್ಲಿಗೆ ಕೆಂಪು: ರಿಜೆಕ್ಟ್.

“ನನ್ನ ಹುಳಿಗೆ ಮದ್ವೆಯಾದಾಗಿಂದ ಹಳದಿನೇ ಕಣಮ್ಮ” ಎನ್ನುತ್ತಿದ್ದರು ಆಂಟಿ. “ಊರಿಗೆಲ್ಲ ಒಂದು ದಾರಿಯಾದ್ರೆ ಈ ಎಡವಟ್ಟಿಗೇ ಒಂದು ದಾರಿ.”

ಬಿಳಿ ಟ್ಯಾಗ್ ಒಂದಿದೆ ಎಂದು ಗೊತ್ತಾದದ್ದು ನಮ್ಮ ಬಾಗಿಲಿನಿಂದ. ಮಹಡಿ ಮನೆಯ ಬಾಗಿಲ ಚಿಲಕ ಬಗ್ಗಿತ್ತು, ಸ್ವಲ್ಪ ಎತ್ತಿ ಹಿಡಿದರಷ್ಟೇ ಬೀಳುತ್ತಿತ್ತು. ಬದಲಾಯಿಸಿ ಕೊಡುತ್ತೇನೆ ಎಂದರು. ಅಭ್ಯಾಸವಾಗಿದೆ ಬಿಡಿ ಅಂಕಲ್ ಎಂದೆ. ತಕ್ಷಣ ಒಳಗೆ ಹೋಗಿ ಬಿಳಿ ಟ್ಯಾಗ್ ತಂದರು. ಅಳತೆಗೆ ಸರಿಯಿಲ್ಲದ ವಸ್ತುವನ್ನೂ ಕೆಲವೊಮ್ಮೆ ಒಪ್ಪಿಕೊಳ್ಳುತ್ತಾರಂತೆ. ಆದರೆ ಇನ್ಸ್‌ಪೆಕ್ಟರ್ ಸಹಿ ಒಂದೇ ಸಾಲದು. ದೋಷ ಏನು ಎಂದು ಅದರಲ್ಲಿ ಬರೆಯಬೇಕು. ಯಾರು ಆ ವಸ್ತುವನ್ನು ಬಳಸುತ್ತಾರೋ ಅವರು ಓದಿ, ದೋಷ ಇದೆ, ಗೊತ್ತಿದೆ, ಆದರೂ ನಡೆಸಿಕೊಂಡು ಹೋಗುತ್ತೇನೆ ಎಂದು ಸಹಿ ಹಾಕಬೇಕು. ಹಾಕಿ ಟ್ಯಾಗನ್ನು ಇನ್ಸ್‌ಪೆಕ್ಟರ್ ಕೈಗೇ ವಾಪಸ್ ಕೊಡಬೇಕು. ನಗುತ್ತಾ ಸಹಿ ಹಾಕಿ ಕೊಟ್ಟೆ. ಪಕ್ಕದಲ್ಲಿ ನಮ್ಮೆಜಮಾನರು ಕೂಡ ನಗುತ್ತಾ ನಿಂತಿದ್ದರು.

ಆ ಡಿಸೆಂಬರಿನಲ್ಲಿ ನಮ್ಮೆಜಮಾನರು ಹೋದರು.

ಮೊದಲ ಪಾಳಿ. ತುಮಕೂರು ರಸ್ತೆಯಲ್ಲಿ ಮಂಜು ಎಷ್ಟಿತ್ತೆಂದರೆ ಎದುರಿನ ಗೋದಾಮಿನ ದೀಪವೂ ಕಾಣುತ್ತಿರಲಿಲ್ಲ. ಮಗಳು ಎದ್ದು ಬಂದು ಕಿಟಕಿಯಲ್ಲಿ ನಿಂತು, ಅಪ್ಪನ ಬೈಕು ಮಂಜಿನೊಳಗೆ ಹೋಗುವುದನ್ನು ನೋಡಿದಳು. ಏಳು ಗಂಟೆಗೆ ಫೋನ್ ಬಂತು. ಲಾರಿ ನಿಂತಿತ್ತಂತೆ, ಹಿಂದಿನ ದೀಪ ಇರಲಿಲ್ಲವಂತೆ...

ಮಗುವಿಗೆ ಆಗ ಆರು ವರ್ಷ. ತೋರಿಸಬೇಡಿ, ಹೆದರಿಕೊಳ್ಳುತ್ತೆ ಎಂದು ಹಿರಿಯರು ಹೇಳಿದರು. ಆಗ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ. ಶವ ಮನೆಗೆ ಬರುವ ಮುಂಚೆಯೇ ಅವಳನ್ನು ಸಿಂಗಸಂದ್ರದ ನನ್ನ ತಂಗಿಯ ಮನೆಗೆ ಕಳಿಸಿಬಿಟ್ಟೆವು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಕರೆದುಕೊಂಡು ಬಂದರು. ಅಪ್ಪನನ್ನು ಕಂಪನಿಯವರು ಗುಜರಾತಿಗೆ ಕಳಿಸಿದ್ದಾರೆ ಎಂದೆ. ಹಿಂದೊಮ್ಮೆ ಅವರು ಮೆಷಿನ್ ಕೂರಿಸಲು ಒಂದು ವಾರ ಅಲ್ಲಿಗೆ ಹೋಗಿದ್ದರು, ಬಾಯಿಗೆ ಅದೇ ಬಂತು. ಕಟ್ಟು ಹಾಕಿಸಿದ್ದ ಅವರ ಫೋಟೊ ಬೀರುವಿನಲ್ಲಿ ಸೀರೆಗಳ ಹಿಂದೆ ಇತ್ತು. “ಹೂಂ” ಎಂದಳು ಮಗಳು. ಮತ್ತೆ ಕೇಳಲಿಲ್ಲ.

ನಾನು ಅಳಲಿಲ್ಲ. ಅತ್ತಿದ್ದರೆ ಅತ್ತೆ ಎಂದೇ ಬರೆಯುತ್ತಿದ್ದೆ. ನೀರು ಹಿಡಿದೆ, ಹಾಲಿನವನಿಗೆ ಅರ್ಧ ಲೀಟರ್ ಸಾಕು ಎಂದೆ, ಹದಿನೈದನೇ ದಿನ ಕೆಲಸಕ್ಕೆ ಹೋದೆ. ಎರಡು ಡಬ್ಬಿಗೆ ಊಟ ತುಂಬಿ, ಒಂದನ್ನು ಮತ್ತೆ ಪಾತ್ರೆಗೆ ಸುರಿಯುತ್ತಿದ್ದೆ. ಹಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಈ ಡಿವಿಡಿ ಬಂದದ್ದು ಮಗಳ ಜೊತೆ, ತಂಗಿಯ ಮನೆಯಿಂದ. ಯಾವುದೋ ದೇಶದ ಕಾರ್ಟೂನ್ ಚಿತ್ರ, ಕನ್ನಡಕ್ಕೆ ಡಬ್ ಮಾಡಿದ್ದು. ಕೆರೆಯ ಮೇಲೆ ಕಿನ್ನರರ ಊರು. ಪುಟ್ಟ ಕಿನ್ನರಿಯ ಅಪ್ಪ ಊರಿನ ದೀಪ ಹಚ್ಚುವವನು. ಒಂದು ದಿನ ಮಂಜಿನ ರಾಣಿ ಅವನನ್ನು ಎಳೆದುಕೊಳ್ಳುತ್ತಾಳೆ. ಕಿನ್ನರಿ ಏಳು ಬೆಟ್ಟ ದಾಟುತ್ತಾಳೆ, ಬೆಟ್ಟಕ್ಕೊಂದು ಹಾಡು. ಏಳನೆಯ ಹಾಡು ಮುಗಿಯುವಾಗ ಮಂಜಿನೊಳಗಿಂದ ದೀಪ ಹಿಡಿದು ಅಪ್ಪ ನಡೆದು ಬರುತ್ತಾನೆ. ಇಂಥ ಕತೆಯನ್ನು ನನ್ನ ತಂಗಿ ಅದು ಹೇಗೆ ಆರಿಸಿದಳೋ. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಳಂತೆ.

ಸ್ಕೂಲು ಬಿಟ್ಟ ಮೇಲೆ ನಾನು ಬರುವ ತನಕ ಮಗಳು ಕೆಳಗಿನ ಮನೆಯಲ್ಲಿರುತ್ತಿದ್ದಳು. ಅಲ್ಲಿ ದಿನಾ ಅದೇ ಸಿನಿಮಾ. ನಾನು ಬಂದ ಮೇಲೆ ಡಿಸ್ಕನ್ನು ಮೇಲಕ್ಕೆ ತಂದು, ನಾನು ಅನ್ನಕ್ಕಿಡುವ ಹೊತ್ತಿಗೆ ಸರಿಯಾಗಿ ಕೊನೆಯ ಹಾಡೊಂದನ್ನು ಮತ್ತೆ ಹಾಕುತ್ತಿದ್ದಳು. ಸದ್ದು ಕಡಿಮೆ ಮಾಡು ಎಂದು ಹೇಳಲು ನಾನು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದೆ. ಬಂದು ನಿಲ್ಲುತ್ತಿದ್ದೆ. ಹಾಡು ಮುಗಿಯುತ್ತಿತ್ತು, ಒಳಗೆ ಹೋಗುತ್ತಿದ್ದೆ.

ಅಂಕಲ್ ಮೂರು ದಿನ ಸುಮ್ಮನೆ ನೋಡಿದರಂತೆ. ನಾಲ್ಕನೇ ದಿನ ಸ್ಟೀಲ್ ಸ್ಕೇಲ್ ತಂದರು.

ನಾನು ಶನಿವಾರ ಬೇಗ ಬಂದಾಗ ಆ ದೃಶ್ಯ ಕಂಡೆ. ಟಿವಿಯಲ್ಲಿ ಕಿನ್ನರಿ ಗಾಳಿಯಲ್ಲಿ ನಿಂತುಬಿಟ್ಟಿದ್ದಳು. ಅಂಕಲ್ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅವಳ ರೆಕ್ಕೆಗೆ ಸ್ಕೇಲ್ ಹಿಡಿದಿದ್ದರು. ಮಗಳು ರಿಮೋಟ್ ಹಿಡಿದು ಗಂಭೀರವಾಗಿ ಕೂತಿದ್ದಳು.

“ಮೊದಲ್ನೇ ಹಾಡಿಗಿಂತ ಇಲ್ಲಿ ರೆಕ್ಕೆ ದೊಡ್ಡದಾಗಿದೆ” ಎಂದರು ಅಂಕಲ್.

“ತಾತ, ಅವಳು ಹತ್ರ ಬಂದಿದ್ದಾಳೆ, ಅದಕ್ಕೇ.”

“ಹಂಗಾದ್ರೆ ತಲೇನೂ ದೊಡ್ಡದಾಗ್ಬೇಕಲ್ವಾ ಪುಟ್ಟಿ?”

ಮಗಳು ಎದ್ದು ಹೋಗಿ ಟಿವಿಯಲ್ಲಿ ಕಿನ್ನರಿಯ ತಲೆಯ ಮೇಲೆ ಗೇಣು ಇಟ್ಟು ನೋಡಿದಳು. ತಲೆ ಅಷ್ಟೇ ಇತ್ತು. “ಹಳದಿ” ಎಂದು ಅವಳೇ ತೀರ್ಪು ಕೊಟ್ಟಳು.

ಹೀಗೆ ಆ ಸಿನಿಮಾದ ಇನ್ಸ್‌ಪೆಕ್ಷನ್ ಸುಮಾರು ಎರಡು ತಿಂಗಳು ನಡೆಯಿತು. ಈಗ ಆ ಟ್ಯಾಗ್‌ಗಳನ್ನು ಒಂದೊಂದಾಗಿ ತಿರುವಿದೆ. ಹಸಿರೇ ಹೆಚ್ಚು. ಕೆರೆಯ ನೀರಿನ ಬಣ್ಣ: ಬೆಳಿಗ್ಗೆ ಒಂದು, ಸಂಜೆ ಒಂದು, ತಪ್ಪಿಲ್ಲ, ಪಾಸ್. ಕಿನ್ನರಿಯ ಮೂಗು: ಚಂದ ಮಾಡಲು ಹೋಗಿಲ್ಲ, ಪಾಸ್. ಎರಡನೇ ಬೆಟ್ಟ: ಗಾಳಿ ನಿಂತಾಗ ಸಂಗೀತವನ್ನೂ ನಿಲ್ಲಿಸಿದ್ದಾರೆ, ಧೈರ್ಯದ ಕೆಲಸ, ಪಾಸ್. ದೀಪ ಒರೆಸುವ ಹಾಡು: ಕೆಲಸ ಮಾಡುತ್ತಾ ಹಾಡುವುದರಿಂದ ನಂಬಿಕೆ ಬರುತ್ತದೆ, ಪಾಸ್.

ಹಳದಿಯವು ನಾಲ್ಕು. ತುಟಿ ಆಡುವುದೇ ಒಂದು, ಕೇಳುವ ಮಾತೇ ಒಂದು. ನಾಲ್ಕನೇ ಬೆಟ್ಟ ಮತ್ತು ಐದನೇ ಬೆಟ್ಟ ಒಂದೇ ಚಿತ್ರ, ಮೋಡ ಮಾತ್ರ ಬೇರೆ. ಕಿನ್ನರಿ ‘ಓ ತಂದೆಯೇ, ತಾವೆಲ್ಲಿರುವಿರಿ’ ಎಂದು ಕೂಗುವ ಜಾಗಕ್ಕೆ ‘ಯಾವ ಮಗು ಅಪ್ಪನನ್ನು ಹೀಗೆ ಕರೆಯುತ್ತದೆ? ಸರಿಪಡಿಸಿ’ ಎಂದಿತ್ತು. ನಾಲ್ಕನೆಯದು ರೆಕ್ಕೆ. ನಡುನಡುವೆ ಬಂದು ಕುಣಿಯುವ ಕಪ್ಪೆಯ ಬಗ್ಗೆ ಇಬ್ಬರಿಗೂ ದೊಡ್ಡ ಜಗಳವಾಗಿತ್ತು. ಅಂಕಲ್‌ಗೆ ಅದು ಕೆಂಪು, ಕತೆಗೆ ಸಂಬಂಧವಿಲ್ಲ. ಮಗಳಿಗೆ ಹಸಿರು, ಯಾಕೆಂದರೆ ಕಪ್ಪೆ. ಕೊನೆಗೆ ಹಸಿರೇ ಗೆದ್ದಿದೆ, ಅಂಚಿನಲ್ಲಿ ಸಣ್ಣದಾಗಿ ‘ಒತ್ತಾಯದ ಮೇರೆಗೆ’ ಎಂದಿದೆ. ಅದನ್ನು ಓದಿ ಸಜ್ಜೆಯ ಕೆಳಗೆ ಕೂತವಳಿಗೆ ಒಂದು ಗಳಿಗೆ ನಗು ಬಂತು.

ಕೆಂಪು ಒಂದೇ ಒಂದು. ಮಂಜಿನ ರಾಣಿ: ಅಪ್ಪನನ್ನು ಯಾಕೆ ಒಯ್ದಳು ಎಂದು ಚಿತ್ರದಲ್ಲಿ ಎಲ್ಲೂ ಹೇಳಿಲ್ಲ. ರಿಜೆಕ್ಟ್.

ಉಳಿದದ್ದು ಏಳನೆಯ ಹಾಡು. ಎಲ್ಲದಕ್ಕೂ ಟ್ಯಾಗ್ ಬಿದ್ದ ಮೇಲೂ ಅಂಕಲ್ ಅದನ್ನು ಇಂದು ನಾಳೆ ಎಂದು ಮುಂದೂಡುತ್ತಾ ಬಂದರು. “ತಾತ ಲಾಸ್ಟ್ ಹಾಡಿಗೆ ಟ್ಯಾಗೇ ಹಾಕ್ತಿಲ್ಲ” ಎಂದು ಮಗಳು ಊಟಕ್ಕೆ ಕೂತಾಗ ಹೇಳಿದಳು. ಎಲ್ಲದಕ್ಕೂ ತೀರ್ಪು ಹೇಳುವ ಮನುಷ್ಯ ಇದಕ್ಕೆ ಹೇಳದಿದ್ದರೆ ಮಗುವಿಗೆ ಅನುಮಾನ ಬರುತ್ತದೆ. ಅನುಮಾನ ಬಂದರೆ ಕೇಳುತ್ತಾಳೆ. ಕೇಳಿದರೆ ನಾನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಆ ಮಾತನ್ನು ನಾನು ಅಲ್ಲಿಯ ತನಕ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳನ್ನು ಮೇಲೆ ಬಿಟ್ಟು ಕೆಳಗೆ ಹೋದೆ. ಆಂಟಿ ಕಾಫಿ ಕೊಟ್ಟರು. ಅಂಕಲ್ ಪೇಪರ್ ಓದುತ್ತಿದ್ದರು.

“ಅಂಕಲ್, ಆ ಕೊನೇ ಹಾಡಿಗೆ ಒಂದು ಹಸಿರು ಹಾಕಿಬಿಡಿ. ಮಗೂಗೆ ಸಮಾಧಾನ ಆಗುತ್ತೆ.”

ಅವರು ಪೇಪರ್ ಮಡಚಿದರು. “ಹೋದೋರು ಬಂದಿದ್ದನ್ನ ನಾನು ನೋಡಿಲ್ಲಮ್ಮ. ನೋಡದೇ ಇರೋದಕ್ಕೆ ಪಾಸ್ ಅಂತ ಸಹಿ ಹಾಕಲ್ಲ.” ಕಡ್ಡಿ ಮುರಿದ ಹಾಗೆ ಹೇಳಿದರು.

“ಇದು ಸಿನಿಮಾ ಅಂಕಲ್. ಕಾರ್ಟೂನು.”

“ಹೂಂ, ಸಿನಿಮಾ. ಆದ್ರೆ ಟ್ಯಾಗು ನಂದಲ್ವಾ.” ಆಮೇಲೆ ಮೆಲ್ಲಗೆ, “ಇದು ಮಗು ವಿಷ್ಯ ಅಲ್ಲಮ್ಮ...” ಎಂದರು.

ಮುಂದೆ ಏನು ಹೇಳುವವರಿದ್ದರೋ. ನಾನು ಬಿಡಲಿಲ್ಲ. ಎರಡು ತಿಂಗಳಿಂದ ಏನೂ ಅನ್ನಿಸದೆ ಮರಗಟ್ಟಿದ್ದ ಮೈಗೆ ಎಲ್ಲಿಂದಲೋ ಸಿಟ್ಟು ಬಂತು, ಬಂದದ್ದೇ ನಾಲಿಗೆಗೆ ಹತ್ತಿತು.

“ನಟ್ಟು ಬೋಲ್ಟು ನೋಡಿದೋರಿಗೆ ಏನು ಗೊತ್ತಾಗ್ಬೇಕು? ಒಂದು ಮಗು ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮ್ಗೆ.”

ಅವರಿಗೆ ಮಕ್ಕಳಿರಲಿಲ್ಲ. ಆಂಟಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಲೋಟದಲ್ಲಿ ಕಾಫಿ ಇನ್ನೂ ಇತ್ತು. ಅಂಕಲ್ ನನ್ನ ಕಡೆ ನೋಡದೆ ಪೇಪರನ್ನು ಮತ್ತೆ ಬಿಚ್ಚಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೆಟ್ಟಿಲು ಹತ್ತುವಾಗಲೇ ಗೊತ್ತಾಗಿತ್ತು. ತಿರುಗಿ ಇಳಿಯಬಹುದಿತ್ತು, ಹದಿನಾರೇ ಮೆಟ್ಟಿಲು. ಇಳಿಯಲಿಲ್ಲ. ಮರುದಿನದಿಂದ ಮಗಳನ್ನು ಸ್ಕೂಲಿನ ಹತ್ತಿರದ ಟ್ಯೂಷನ್ನಿಗೆ ಸೇರಿಸಿದೆ. ಅವಳು ಯಾಕೆ ಎಂದು ಕೇಳಲಿಲ್ಲ. ಡಿವಿಡಿ ಕೆಳಗೇ ಉಳಿಯಿತು. ಮೇಲೆ ಅನ್ನ ಬೇಯುವ ಹೊತ್ತಿಗೆ ಮನೆ ಸುಮ್ಮನಿರುತ್ತಿತ್ತು. ಒಂದೆರಡು ಸಲ ನಾನು ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದುಂಟು.

ಏಪ್ರಿಲ್‌ನಲ್ಲಿ ಹೆಬ್ಬಗೋಡಿಯಲ್ಲಿ ಕೆಲಸ ಸಿಕ್ಕಿತು, ತಂಗಿಯ ಮನೆಗೂ ಹತ್ತಿರ. ಸಾಮಾನಿನ ಗಾಡಿ ಹೊರಟಾಗ ಆಂಟಿ ಮಗಳ ಕೈಗೆ ಒಂದು ಚೀಲ ಕೊಟ್ಟರು. ಚಕ್ಕುಲಿ ಎಂದುಕೊಂಡೆ. ಚಕ್ಕುಲಿಯೂ ಇತ್ತು. ಅಂಕಲ್ ಗೇಟಿನ ಬಳಿ ನಿಂತಿದ್ದರು. ಕ್ಷಮಿಸಿ ಎಂಬ ಮಾತು ಹಲ್ಲಿನ ತನಕ ಬಂದಿತ್ತು. “ಮೇಲಿನ ಬಾಗ್ಲು ಹಾಕಿದ್ಯೇನಮ್ಮ? ಚಿಲಕ ಎತ್ತಿ ಹಾಕ್ಬೇಕು” ಎಂದರು. “ಹಾಕಿದೀನಿ ಅಂಕಲ್” ಎಂದೆ. ಅಷ್ಟೇ.

ಹೊಸ ಮನೆಯಲ್ಲಿ ವರ್ಷಾಬ್ದಿಕಕ್ಕೆ ಫೋಟೊ ಗೋಡೆಗೆ ಹಾಕಿ ಹಾರ ಹಾಕಿದೆ. ಮಗಳು ಸ್ಕೂಲಿನಿಂದ ಬಂದು ನೋಡಿದಳು, ಬ್ಯಾಗ್ ಇಳಿಸಿದಳು, ಕೈಕಾಲು ತೊಳೆಯಲು ಹೋದಳು. ಸದ್ಯ, ತಾನೇ ಅರ್ಥ ಮಾಡಿಕೊಂಡಳು ಎಂದುಕೊಂಡೆ. ಅದರ ಮೇಲೆ ನಮ್ಮಿಬ್ಬರ ನಡುವೆ ಆ ವಿಷಯ ಬರಲಿಲ್ಲ.

ಮೂರನೇ ವರ್ಷ ಆಂಟಿ ಫೋನ್ ಮಾಡಿದರು. ಅಂಕಲ್ ಬೆಳಿಗ್ಗೆ ಹೋದರು ಎಂದರು. “ಹೌದಾ ಆಂಟಿ” ಎಂದೆ. ಎಷ್ಟು ಹೊತ್ತಿಗೆ ಎಂದು ಕೇಳಿದೆ. ತಿಂಗಳ ಕೊನೆಯ ವಾರ, ಡಿಸ್ಪ್ಯಾಚ್ ತುಂಬಾ ಇತ್ತು. ಹೆಬ್ಬಗೋಡಿಯಿಂದ ಮಾದನಾಯಕನಹಳ್ಳಿ ಎಂದರೆ ಊರಿನ ಈ ತುದಿಯಿಂದ ಆ ತುದಿ, ಮೂರು ಬಸ್ಸು. ಹೋಗಲಿಲ್ಲ. ಬಸ್ಸಿನ ಲೆಕ್ಕವೆಲ್ಲ ನೆಪ. ಆಂಟಿಯ ಮುಖ ನೋಡುವ ಧೈರ್ಯ ಇರಲಿಲ್ಲ. ಆಮೇಲೆ ಆಂಟಿ ಮನೆ ಮಾರಿ ಮೈಸೂರಿನ ಕಡೆ ತಮ್ಮನ ಮನೆಗೆ ಹೋದರು ಎಂದು ಯಾರೋ ಹೇಳಿದರು. ಆ ನಂಬರಿಗೆ ಮಾಡಿದರೆ ಈಗ ಬೇರೆ ಯಾರೋ ಎತ್ತುತ್ತಾರೆ...

ಗೊಂಚಲಿನ ಕೊನೆಯಲ್ಲಿ, ಉಳಿದವುಗಳ ಹಿಂದೆ, ಬಿಳಿ ಟ್ಯಾಗ್ ಒಂದಿತ್ತು.

‘ಭಾಗ: ಏಳನೆಯ ಹಾಡು. ದೋಷ: ಹೋದವರು ಹಿಂದಿರುಗುವುದಿಲ್ಲ. ಷರಾ: ಹಾಡು ಚೆನ್ನಾಗಿದೆ. ಕೇಳಬಹುದು.’ ಕೆಳಗೆ ಅಂಕಲ್ ಸಹಿ. ಅದರ ಪಕ್ಕ ಸಾಕ್ಷಿ ಎಂಬಲ್ಲಿ ನೇರಳೆ ಕ್ರಯಾನ್‌ನಲ್ಲಿ ಮಗಳ ಅಂಕುಡೊಂಕು ಹೆಸರು. ಬಳಸುವವರ ಸಹಿ ಎಂಬ ಗೆರೆ ಖಾಲಿ.

ಅದನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಮಗಳು ಕಾಲೇಜಿನಿಂದ ಬಂದಳು. ಅವಳಿಗೀಗ ಹದಿನೆಂಟು. ಎಣ್ಣೆ ಕಾಗದ ನೋಡಿ ಬಾಗಿಲಲ್ಲೇ ನಿಂತಳು.

“ಸಿಕ್ತಾ? ಎಲ್ಲಿಟ್ಟಿದ್ನೋ ಮರ್ತೇಬಿಟ್ಟಿದ್ದೆ.”

“ಇದನ್ನ ಯಾವಾಗ ಬರೆದ್ರು?”

“ಟ್ಯೂಷನ್ ಬಿಟ್ಮೇಲೆ ಹತ್ತು ನಿಮಿಷ ಕೆಳಗೆ ಹೋಗಿ ಬರ್ತಿದ್ನಲ್ಲ. ನೀನು ಬರೋಕ್ಮುಂಚೆ.”

ನನಗೆ ಗೊತ್ತಿರಲಿಲ್ಲ. ಖಾಲಿ ಗೆರೆ ತೋರಿಸಿದೆ. “ನೀನು ಸಾಕ್ಷಿ ಅಂತ ಯಾಕೆ ಹಾಕಿದೀಯ? ಬಳಸೋಳು ನೀನಲ್ವಾ? ಇಲ್ಲಿ ಹಾಕ್ಬೇಕಿತ್ತು.”

“ನಾನಲ್ಲ ಕಣಮ್ಮ. ಅದು ನಿಂಗೆ.”

ಅವಳು ಬ್ಯಾಗ್ ಇಳಿಸಿ ನನ್ನೆದುರು ಕೂತಳು. “ಅಪ್ಪ ಇಲ್ಲ ಅಂತ ನಂಗೆ ಚಿಕ್ಕಮ್ಮನ ಮನೇಲೇ ಗೊತ್ತಾಗಿತ್ತು. ಎಲ್ರೂ ಫೋನಲ್ಲಿ ಅದನ್ನೇ ಮಾತಾಡ್ತಿದ್ರು. ವಾಪಸ್ ಬಂದ್ರೆ ನೀನು ಗುಜರಾತ್ ಅಂದೆ. ನಿಂಗೆ ಯಾರೂ ಹೇಳಿಲ್ವೇನೋ ಅಂದ್ಕೊಂಡೆ. ತಾತಂಗೆ ಕೇಳ್ದೆ, ಅಮ್ಮಂಗೆ ಹೇಳ್ಲಾ ಅಂತ. ಬೇಡ ಪುಟ್ಟಿ, ಅವಳೇ ಓದ್ಕೊಂಡು ಸಹಿ ಹಾಕ್ಲಿ ಅಂದ್ರು.”

“ಮತ್ತೆ ದಿನಾ ಆ ಹಾಡು ಹಾಕ್ತಿದ್ದದ್ದು?”

“ಆ ಹಾಡಿಗೆ ಮಾತ್ರ ನೀನು ಅಡುಗೆಮನೆಯಿಂದ ಆಚೆ ಬರ್ತಿದ್ದೆ ಅಲ್ವಾ. ಅದಕ್ಕೇ.”

ಅವಳು ಎದ್ದು ಮುಖ ತೊಳೆಯಲು ಹೋದಳು. ನಲ್ಲಿಯ ಸದ್ದು ಕೇಳುತ್ತಿತ್ತು. ಆರು ವರ್ಷದ ಮಗುವೂ ಅರವತ್ತು ದಾಟಿದ ಆ ಮನುಷ್ಯನೂ ಎರಡು ತಿಂಗಳು ನನ್ನನ್ನು ಕಾದುಕೊಂಡು ಕೂತಿದ್ದರು. ನಾನು ಹೋಗಿ ಅವರಿಗೆ ಆ ಮಾತು ಆಡಿ ಬಂದಿದ್ದೆ.

ಹಾಡನ್ನು ಒಮ್ಮೆ ಕೇಳೋಣ ಎಂದರೆ ಈಗ ಮನೆಯಲ್ಲಿ ಡಿವಿಡಿ ಹಾಕುವ ಯಂತ್ರವಿಲ್ಲ. ಮಗಳ ಲ್ಯಾಪ್‌ಟಾಪಿಗೆ ಆ ಬಾಯಿಯೇ ಇಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಇನ್ನೊಮ್ಮೆ ಓದಿದೆ. ಹೋದವರು ಹಿಂದಿರುಗುವುದಿಲ್ಲ. ಈ ಸಲ ಬಾಯಿಬಿಟ್ಟು, ನನಗೇ ಕೇಳುವ ಹಾಗೆ ಓದಿದೆ. ಆ ಗೆರೆಯ ಮೇಲೆ ಸಹಿ ಹಾಕಿದೆ.

ಸಹಿಯಾದ ಬಿಳಿ ಟ್ಯಾಗನ್ನು ಇನ್ಸ್‌ಪೆಕ್ಟರ್ ಕೈಗೇ ವಾಪಸ್ ಕೊಡಬೇಕು. ಅಂದು ಹದಿನಾರು ಮೆಟ್ಟಿಲು ಇಳಿದಿದ್ದರೆ ಸಾಕಿತ್ತು.